ಹದಿನೈದು ಆಕರಗಳಲ್ಲಿ ಉಳಿದದ್ದು ಆರು

ದಿಂಡಿಗಲ್‌ನಿಂದ ಮದುರೆಗೆ ಹೋಗುವ ದಾರಿಯಲ್ಲಿ, ಸಿರುಮಲೈ ಬೆಟ್ಟದ ಬದಿಗೆ ಚಿನ್ನಾಳಪಟ್ಟಿ ಇದೆ. ಸುಂಗುಡಿ ಸೀರೆಯ ಊರು ಎಂದರೆ ತಮಿಳುನಾಡಿನಲ್ಲಿ ಗೊತ್ತಿಲ್ಲದವರು ಕಡಿಮೆ. ಅಲ್ಲಿನ ದೇವಾಂಗರ ಮನೆಗಳಲ್ಲಿ ಇವತ್ತಿಗೂ ಕನ್ನಡ ಮಾತಾಡುತ್ತಾರೆ ಎಂಬುದು ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಬೀದಿಗೆ ಇಳಿದರೆ ತಮಿಳು, ಶಾಲೆಗೆ ಹೋದರೆ ತಮಿಳು ಮತ್ತು ಇಂಗ್ಲಿಷ್. ಕನ್ನಡ ಒಲೆಯ ಮುಂದೆ, ಮಗ್ಗದ ಪಕ್ಕದಲ್ಲಿ, ಚೌಡೇಶ್ವರಿ ಹಬ್ಬದಲ್ಲಿ.

ನನ್ನ ಸೋದರತ್ತೆಯ ಮನೆ ಅಲ್ಲಿದೆ. ಹೋದ ಸಲ ಹೋದಾಗ ಅತ್ತೆಯ ಮಗನ ಮಗಳು ನಡುಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಳು. ಎಂ.ಎ. ಎರಡನೇ ವರ್ಷ. ಸೈಬರ್ ಭದ್ರತೆ ಮತ್ತು ಖಾಸಗಿತನ, ಇವೆರಡರ ಸಮತೋಲನ ಹೇಗೆ ಎಂಬುದರ ಮೇಲೆ ಕಿರುಪ್ರಬಂಧ ಬರೆಯಬೇಕು, ಕನಿಷ್ಠ ಹದಿನೈದು ಆಕರಗಳು ಇರಬೇಕು. ಹದಿನೈದೂ ಸಿದ್ಧವಾಗಿದ್ದವು. ‘ಮಾಮ, ಇದನ್ನ ಒಂದು ಸಲ ನೋಡ್ತೀರಾ?’ ಎಂದು ಪಟ್ಟಿ ಮುಂದಿಟ್ಟಳು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತವನು ಎದ್ದದ್ದು ಮರುದಿನ ಸಂಜೆ.

ಮೊದಲು ಬಿದ್ದದ್ದು ನಾಲ್ಕು ಲೇಖನಗಳು. ನಾಲ್ಕೂ ‘ಅಂತರರಾಷ್ಟ್ರೀಯ’ ಎಂಬ ಹೆಸರು ಹೊತ್ತ ಜರ್ನಲ್‌ಗಳಲ್ಲಿ ಬಂದಿದ್ದವು. ಒಂದನ್ನು ತೆರೆದು ಮೊದಲ ಪುಟದ ಸಣ್ಣ ಅಕ್ಷರ ನೋಡಲು ಹೇಳಿದೆ. ಲೇಖನ ತಲುಪಿದ ದಿನಕ್ಕೂ ಒಪ್ಪಿಗೆಯಾದ ದಿನಕ್ಕೂ ನಡುವೆ ಮೂರೇ ದಿನ. ಅದೇ ಕ್ಷೇತ್ರದ ಬಲ್ಲವರು ಇಬ್ಬರು ಮೂವರು ಓದಿ, ತಪ್ಪು ಹುಡುಕಿ, ಲೇಖಕರಿಗೆ ವಾಪಸ್ ಕಳಿಸಿ, ತಿದ್ದಿದ್ದನ್ನು ಮತ್ತೆ ಓದುವುದಕ್ಕೆ ಪೀರ್ ರಿವ್ಯೂ ಅನ್ನುತ್ತಾರೆ. ಅದಕ್ಕೆ ತಿಂಗಳುಗಳು ಬೇಕು. ಮೂರು ದಿನದಲ್ಲಿ ಆಗುವುದು ದುಡ್ಡಿನ ರಸೀದಿ ಮಾತ್ರ. ಸಂಪಾದಕ ಮಂಡಳಿಯ ಪುಟದಲ್ಲಿ ಹೆಸರುಗಳಿದ್ದವು, ಅವರು ಎಲ್ಲಿ ಪಾಠ ಮಾಡುತ್ತಾರೆ ಎಂಬುದಿರಲಿಲ್ಲ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂದು ದೊಡ್ಡದಾಗಿ ಒಂದು ಅಂಕಿ ಇತ್ತು, ಕೊಟ್ಟವರು ಯಾರೆಂದು ಇರಲಿಲ್ಲ.

ಇದು ಚಿಕ್ಕ ಊರಿನ ಹುಡುಗಿಯ ತಪ್ಪು ಅಂತ ಯಾರೂ ತಿಳಿಯಬಾರದು. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಒಂದು ಕೃತಕ ಸಂಶೋಧನಾ ಲೇಖನವನ್ನು 304 ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು. ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೀಗೆ ಒಪ್ಪಿದ ಪ್ರಕಾಶಕರಲ್ಲಿ ಭಾರತದವರು ಬಹಳಷ್ಟಿದ್ದರು. ಇಂಥವನ್ನು ತಡೆಯಲೆಂದೇ ಯುಜಿಸಿ 2018ರಲ್ಲಿ ನಂಬಬಹುದಾದ ಜರ್ನಲ್‌ಗಳ ‘ಕೇರ್’ ಪಟ್ಟಿಯ ಯೋಜನೆ ಪ್ರಕಟಿಸಿತು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿತು. ಈಗ ಯಾವ ಜರ್ನಲ್ ನಂಬಬಹುದು ಎಂದು ಅಳೆಯುವ ಕೆಲಸ ಕಾಲೇಜಿನ ಮೇಲೆ, ಕೊನೆಗೆ ವಿದ್ಯಾರ್ಥಿಯ ಮೇಲೆ ಬಿದ್ದಿದೆ. ಅದನ್ನು ಕಲಿಸದೆ ಹದಿನೈದು ಆಕರ ತನ್ನಿ ಎನ್ನುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮುಂದಿನ ಎರಡು ಆಕರಗಳು ಇರಲೇ ಇಲ್ಲ. ಲೇಖಕರ ಹೆಸರು, ಜರ್ನಲ್, ಸಂಪುಟ, ಪುಟಸಂಖ್ಯೆ ಎಲ್ಲ ಅಚ್ಚುಕಟ್ಟು. ಈಗಿನ ಹೆಚ್ಚಿನ ಜರ್ನಲ್ ಲೇಖನಗಳಿಗೆ ಒಂದು ಖಾಯಂ ಗುರುತಿನ ಸಂಖ್ಯೆ ಇರುತ್ತದೆ, ಡಿಒಐ ಎನ್ನುತ್ತಾರೆ. ಅದನ್ನು ಹಾಕಿ ನೋಡಿದರೆ ಒಂದು ಎಲ್ಲಿಗೂ ಹೋಗಲಿಲ್ಲ, ಇನ್ನೊಂದು ಕಾಂಕ್ರೀಟಿನ ಬಿರುಕಿನ ಬಗ್ಗೆ ಬರೆದ ಲೇಖನಕ್ಕೆ ಹೋಯಿತು. ‘ಚಾಟ್‌ಜಿಪಿಟಿ ಕೊಟ್ಟಿದ್ದು ಮಾಮ’ ಎಂದಳು, ಮುಖ ಸಣ್ಣದು ಮಾಡಿಕೊಂಡು. ಸಮಾಧಾನ ಹೇಳಿದೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ಇಬ್ಬರು ವಕೀಲರು ಹೀಗೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ದರು. ನಮ್ಮ ಬೆಂಗಳೂರಿನ ಒಂದು ಸಿವಿಲ್ ನ್ಯಾಯಾಲಯದ ಆದೇಶದಲ್ಲೇ ಸುಪ್ರೀಂ ಕೋರ್ಟ್ ಕೊಡದ ತೀರ್ಪುಗಳ ಉಲ್ಲೇಖ ಇದ್ದದ್ದು ಕಂಡು, 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಕಣ್ಣಾರೆ ತೆರೆದು ನೋಡದ ಆಕರವನ್ನು ಪಟ್ಟಿಗೆ ಸೇರಿಸಬಾರದು. ಇದಕ್ಕೆ ರಿಯಾಯಿತಿ ಇಲ್ಲ.

ಇನ್ನು ಮೂರು, ಭದ್ರತಾ ಸಾಫ್ಟ್‌ವೇರ್ ಮಾರುವ ಕಂಪನಿಗಳ ವರದಿಗಳು. ಅಂದವಾದ ಚಿತ್ರ, ಹೆದರಿಸುವ ಅಂಕಿ. ಅವು ಸುಳ್ಳು ಅಂತಲ್ಲ. ಬೀಗ ಮಾರುವವನು ಊರಲ್ಲಿ ಕಳ್ಳರೆಷ್ಟು ಎಂದು ಲೆಕ್ಕ ಕೊಟ್ಟರೆ ಅದನ್ನು ಇನ್ನೊಬ್ಬರಿಂದ ಕೇಳಿ ಖಚಿತಪಡಿಸಿಕೊಳ್ಳಬೇಕು, ಅಷ್ಟೆ. ಅವಳಿಗೆ ಒಂದು ಅಭ್ಯಾಸ ಹೇಳಿಕೊಟ್ಟೆ: ಯಾವ ಲೇಖನವನ್ನೇ ಆಗಲಿ ಕೊನೆಯ ಪುಟದಿಂದ ಓದು. ಹಣ ಯಾರು ಕೊಟ್ಟರು, ಲೇಖಕರಿಗೆ ಬೇರೆ ಹಿತಾಸಕ್ತಿ ಇದೆಯೇ ಎಂಬುದು ಅಲ್ಲಿರುತ್ತದೆ. ಇಲ್ಲದಿದ್ದರೆ ಅದೂ ಒಂದು ಸುದ್ದಿ.

ದೊಡ್ಡ ಹೆಸರು ಇದ್ದರೆ ನಂಬಬಹುದಲ್ಲವೇ ಎಂದು ಅವಳು ಕೇಳಿದಳು. ಅದಕ್ಕೆ ಹನ್ನೊಂದು ಬಿಲಿಯನ್ ಡಾಲರ್ ಕಥೆ ಹೇಳಬೇಕಾಯಿತು. ವಿಶ್ವಬ್ಯಾಂಕಿನ 2016ರ ವಿಶ್ವ ಅಭಿವೃದ್ಧಿ ವರದಿಯಲ್ಲಿ, ಆಧಾರ್‌ನಿಂದ ಭಾರತ ಸರ್ಕಾರಕ್ಕೆ ವರ್ಷಕ್ಕೆ 11 ಬಿಲಿಯನ್ ಡಾಲರ್ ಉಳಿತಾಯ ಆಗಬಹುದು ಎಂಬ ಮಾತು ಬಂತು. ಆಮೇಲೆ ಎಲ್ಲರೂ ಅದನ್ನೇ ಹೇಳಿದರು. ಅರ್ಥಶಾಸ್ತ್ರಜ್ಞೆ ರೀತಿಕಾ ಖೇರಾ ಆ ಅಂಕಿಯ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋದರು. ಮೂಲದಲ್ಲಿದ್ದ 11.3 ಬಿಲಿಯನ್ ಡಾಲರ್ ಉಳಿತಾಯದ ಮೊತ್ತವೇ ಅಲ್ಲ, ನಗದು ವರ್ಗಾವಣೆ ಯೋಜನೆಗಳ ಒಟ್ಟು ಮೊತ್ತ! ಹಂಚಿದ ಹಣ ನಡುದಾರಿಯಲ್ಲಿ ಉಳಿದ ಹಣವಾಗಿ ಬದಲಾಗಿತ್ತು. ಈ ಕಥೆ ಕೇಳಿ ಅವಳು ತನ್ನ ಪಟ್ಟಿಯಲ್ಲಿ ಅಂಕಿಯಿದ್ದ ಕಡೆಯಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕುತ್ತಾ ಹೋದಳು.

ಉಳಿದದ್ದು ಆರು. ಅದರಲ್ಲೂ ಒಂದು ಹಳತಾಗಿತ್ತು. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು 2016ರಲ್ಲಿ ಬರೆದ ಲೇಖನ. ಬರೆದಾಗ ಅದಕ್ಕೆ ಆಧಾರವಿತ್ತು, 1954ರ ಎಂ.ಪಿ. ಶರ್ಮಾ, 1962ರ ಖರಕ್ ಸಿಂಗ್ ತೀರ್ಪುಗಳನ್ನು ಹಿಡಿದು ಸರ್ಕಾರವೂ ಕೋರ್ಟಿನಲ್ಲಿ ಹಾಗೇ ವಾದಿಸಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ಮುಗಿಸಿತು. ಆ ಪ್ರಕರಣದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನದ ಬಗ್ಗೆ ಭಾರತದಲ್ಲಿ ಯಾರೇ ಬರೆದರೂ ಈಗ ಈ ಕನ್ನಡಿಗರ ಹೆಸರು ಬರಲೇಬೇಕು. ಅವಳ ಪಟ್ಟಿಯಲ್ಲಿ ಆ ತೀರ್ಪೇ ಇರಲಿಲ್ಲ! ಅದರ ಮೇಲೆ ಬರೆದವರ ಮೇಲೆ ಬರೆದವರು ಇದ್ದರು. 547 ಪುಟ, ಬಿಡಿಗಾಸು ಕೊಡದೆ ಓದಬಹುದು. ಇಷ್ಟು ದೊಡ್ಡ ಮೂಲ ಆಕರ ಅಂಗೈಯಲ್ಲಿರುವಾಗ ಬೇರೆಯವರ ಸಾರಾಂಶ ಏಕೆ?

ಕಾನೂನಿನ ವಿಷಯದಲ್ಲಿ ತಾರೀಖು ನೋಡದೆ ಓದುವುದು ಅಪಾಯ. ದತ್ತಾಂಶ ರಕ್ಷಣೆಯ ಬಗ್ಗೆ ಸರ್ಕಾರ ನೇಮಿಸಿದ ಶ್ರೀಕೃಷ್ಣ ಸಮಿತಿಯ ವರದಿ 2018ರದು, ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ, ನಿಯಮಗಳು 2025ರ ನವೆಂಬರ್‌ನಲ್ಲಿ. ನಡುವೆ ಬಂದ ಕರಡುಗಳನ್ನೇ ಕಾನೂನು ಎಂದುಕೊಂಡು ಬರೆದ ಲೇಖನಗಳು ರಾಶಿ ಬಿದ್ದಿವೆ.

ಇಷ್ಟಾದ ಮೇಲೆ ವಿಷಯದ ಶೀರ್ಷಿಕೆಗೇ ಬಂದೆವು. ಸಮತೋಲನ. ಒಂದು ತಟ್ಟೆಯಲ್ಲಿ ಭದ್ರತೆ, ಇನ್ನೊಂದರಲ್ಲಿ ಖಾಸಗಿತನ. ಅದು ಏರಿದರೆ ಇದು ಇಳಿಯಬೇಕು. ಈ ತಕ್ಕಡಿಯ ಚಿತ್ರವನ್ನೇ ಪ್ರಶ್ನಿಸಿ ಕಾನೂನು ತತ್ತ್ವಜ್ಞ ಜೆರೆಮಿ ವಾಲ್ಡ್ರನ್ 2003ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಕಳೆದುಕೊಳ್ಳುವ ಸ್ವಾತಂತ್ರ್ಯ ಯಾರದು, ಸಿಗುವ ಭದ್ರತೆ ಯಾರಿಗೆ, ಅಷ್ಟು ಕೊಟ್ಟರೆ ನಿಜಕ್ಕೂ ಭದ್ರತೆ ಸಿಗುತ್ತದೆಯೇ ಎಂದು ಅವರು ಕೇಳುತ್ತಾರೆ. ಕಾನೂನು ಪ್ರಾಧ್ಯಾಪಕ ಡೇನಿಯಲ್ ಸೊಲೋವ್ 2007ರಲ್ಲಿ, ‘ಮುಚ್ಚಿಡಲು ನನ್ನ ಹತ್ತಿರ ಏನೂ ಇಲ್ಲ’ ಎನ್ನುವವರ ವಾದವನ್ನು ಎಳೆ ಎಳೆಯಾಗಿ ಬಿಡಿಸಿದ್ದಾರೆ. ಇವು ತತ್ತ್ವದ ಮಾತು ಎನಿಸಿದರೆ ಎಂಜಿನಿಯರುಗಳ ಮಾತೂ ಇದೆ. ವಿಟ್‌ಫೀಲ್ಡ್ ಡಿಫಿ, ರೊನಾಲ್ಡ್ ರಿವೆಸ್ಟ್ ಸೇರಿ ಹದಿನೈದು ಪರಿಣತರು 2015ರಲ್ಲಿ ಬರೆದರು: ಪೊಲೀಸರಿಗಾಗಿ ಗೂಢಲಿಪಿಯಲ್ಲಿ ಒಂದು ಹಿಂಬಾಗಿಲು ಇಟ್ಟರೆ ಅದೇ ಬಾಗಿಲಿನಿಂದ ಕಳ್ಳರೂ ಬರುತ್ತಾರೆ.

ಮಗ್ಗದ ಮನೆಯಲ್ಲಿ ಕೂತು ಇದನ್ನೆಲ್ಲ ಹೇಳುವಾಗ ನನಗೆ ಹಾಸುಹೊಕ್ಕು ಎಂಬ ನಮ್ಮ ಮಾತೇ ಸರಿ ಅನ್ನಿಸಿತು. ಹಾಸಿನ ಎಳೆ ಕಡಿದರೆ ಹೊಕ್ಕಿನ ಎಳೆ ನಿಲ್ಲುವುದಿಲ್ಲ. ಇದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಜನರ ಬ್ಯಾಂಕ್ ಖಾತೆಯಿಂದ ಒಟಿಪಿ ಬಾರದೆ, ಪಿನ್ ಕೇಳದೆ ಹಣ ಹೋಗತೊಡಗಿತು. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರಿನ ಜೊತೆ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಸಾಕು. ಅವೆರಡೂ ಕಳ್ಳರಿಗೆ ಸಿಕ್ಕಿದ್ದು ಆಸ್ತಿ ನೋಂದಣಿಯ ಪತ್ರಗಳಲ್ಲಿ. ಕ್ರಯಪತ್ರದ ಮೇಲೆ ಒತ್ತಿದ ಹೆಬ್ಬೆಟ್ಟು ಆನ್‌ಲೈನಿನಲ್ಲಿ ನೋಡಲು ಸಿಗುತ್ತಿತ್ತು. ಆಮೇಲೆ ನೋಂದಣಿ ಇಲಾಖೆ ಅದನ್ನು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಖಾಸಗಿತನ ಹೋದ ಕ್ಷಣವೇ ಭದ್ರತೆಯೂ ಹೋಗಿತ್ತು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಏನು ಮಾಡುವುದು?

ಅತ್ತೆ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ‘ನನ್ನ ಬೆರಳಿಗೆ ಆ ಭಯ ಇಲ್ಲಪ್ಪ, ರೇಷನ್ ಅಂಗಡಿ ಮಿಷನ್ನೇ ಇದನ್ನ ಹಿಡಿಯಲ್ಲ’ ಎಂದು ಹೆಬ್ಬೆರಳು ತೋರಿಸಿದರು. ಐವತ್ತು ವರ್ಷ ಕಂಡಿಕೆ ಸುತ್ತಿ ಸವೆದ ಬೆರಳು. ಗೆರೆಗಳು ಮಾಸಿ, ತುದಿ ಹೊಳೆಯುತ್ತಿತ್ತು. 2016–17ರ ಆರ್ಥಿಕ ಸಮೀಕ್ಷೆ ಬೆರಳಚ್ಚು ದೃಢೀಕರಣ ವಿಫಲವಾದ ಪ್ರಮಾಣವನ್ನು ಜಾರ್ಖಂಡ್‌ನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37 ಎಂದು ಉಲ್ಲೇಖಿಸಿತ್ತು. ಸರ್ಕಾರದ್ದೇ ದಾಖಲೆ, ಯಾರು ಬೇಕಾದರೂ ಓದಬಹುದು. ಹುಡುಗಿ ಅದನ್ನು ಬರೆದುಕೊಂಡಳು. ಅಜ್ಜಿಯ ಬೆರಳನ್ನೂ ಒಂದು ಸಲ ಹಿಡಿದು ನೋಡಿದಳು.

ಪುಟ್ಟಸ್ವಾಮಿ ತೀರ್ಪು ಕೂಡ ತಕ್ಕಡಿಯಿಂದ ಶುರು ಮಾಡುವುದಿಲ್ಲ. ಖಾಸಗಿತನಕ್ಕೆ ಕೈ ಹಾಕುವ ಸರ್ಕಾರಕ್ಕೆ ಅದು ಕೇಳುವುದು ಬೇರೆ: ಇದಕ್ಕೆ ಕಾನೂನು ಇದೆಯೇ, ಉದ್ದೇಶ ನ್ಯಾಯವಾದುದೇ, ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕುತ್ತಿದ್ದೀರಾ. ಈ ಪ್ರಶ್ನೆಗಳನ್ನು ಇಟ್ಟುಕೊಂಡು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶ ಓದು ಎಂದೆ. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ವರದಿ, 180 ದಿನ ಲಾಗ್ ದಾಖಲೆ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕು. ಮೊದಲನೆಯದು ಯಾರ ಖಾಸಗಿತನಕ್ಕೂ ಅಡ್ಡಬರುವುದಿಲ್ಲ. ಮೂರನೆಯದು ಬರುತ್ತದೆ. ಒಂದೇ ಆದೇಶದಲ್ಲಿ ಎರಡೂ ಇವೆ ಎಂದು ಗುರುತಿಸುವ ಲೇಖನ ಸಿಕ್ಕರೆ ಇಟ್ಟುಕೋ, ಸಾರಾಸಗಟಾಗಿ ಹೊಗಳುವುದನ್ನೂ ತೆಗಳುವುದನ್ನೂ ಪಕ್ಕಕ್ಕಿಡು.

ಹುಡುಕುವ ಪದವೂ ಮುಖ್ಯ. ಗೂಗಲ್ ಸ್ಕಾಲರ್‌ನಲ್ಲಿ ಬರೀ ‘ಪ್ರೈವೆಸಿ’ ಎಂದು ಹಾಕಿದರೆ ಸಮುದ್ರಕ್ಕೆ ಬಿದ್ದ ಹಾಗೆ. ‘ಪ್ರೊಪೋರ್ಷನಾಲಿಟಿ’, ‘ಸರ್ವೇಲೆನ್ಸ್’, ‘ಬಯೋಮೆಟ್ರಿಕ್’ ಎಂದು ಕಿರಿದು ಮಾಡಬೇಕು, ಊರು ಅಥವಾ ಕಾಯ್ದೆಯ ಹೆಸರು ಸೇರಿಸಬೇಕು. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಅಡಿಟಿಪ್ಪಣಿಯಿಂದ ಹಿಂದಕ್ಕೂ, ಅದನ್ನು ಉಲ್ಲೇಖಿಸಿದವರ ಪಟ್ಟಿಯಿಂದ ಮುಂದಕ್ಕೂ ನಡೆಯಬಹುದು. ಐಐಟಿ ಮದರಾಸು ಮತ್ತು ದೆಹಲಿಯ ಮೂವರು ಕಂಪ್ಯೂಟರ್ ವಿಜ್ಞಾನಿಗಳು ಆಧಾರ್‌ನ ಖಾಸಗಿತನ ಮತ್ತು ಭದ್ರತೆ ಎರಡನ್ನೂ ಒಟ್ಟಿಗೆ ಇಟ್ಟು 2017ರ ಸೆಪ್ಟೆಂಬರ್‌ನಲ್ಲಿ ‘ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನ ನಮಗೆ ಸಿಕ್ಕಿದ್ದು ಹೀಗೆ. ದುಡ್ಡು ಕೇಳುವ ಜರ್ನಲ್‌ಗಳಿಗೂ ದಾರಿಯಿದೆ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತಿವೆ. ಪಿಎಚ್‌ಡಿ ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಎಲ್ಲರಿಗೂ ತೆರೆದಿವೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು, ‘ಏನೇ ಅದು ಪ್ರೈವೆಸಿ?’ ಹುಡುಗಿ ‘ಅಂದರಂಗಂ’ ಎಂದಳು. ತಮಿಳಿನಲ್ಲಿ ಅದು ಹೊರಗಿನವರು ನೋಡಬಾರದ ಸ್ವಂತ ಸಂಗತಿ. ನಮ್ಮ ಕನ್ನಡದಲ್ಲಿ ಅದೇ ಅಂತರಂಗ ಒಳಮನಸ್ಸು. ನಾವು ಬರೆಯುವ ಖಾಸಗಿತನ, ಗೌಪ್ಯತೆ ಎಂಬ ಪದಗಳನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಕನ್ನಡದಲ್ಲಿ ಈ ವಿಷಯದ ಪರಿಣತರ ಬರಹ ಹುಡುಕಿದೆ. ಸಿಕ್ಕಿದ್ದು ಬೆರಳೆಣಿಕೆ, ಅದೂ ಹೆಚ್ಚಿನದು ಸುದ್ದಿ.

ಹೆಬ್ಬೆಟ್ಟು ಕದ್ದದ್ದು ನಮ್ಮ ಕಚೇರಿಯ ಕಾಗದದಿಂದ, ಹಕ್ಕು ಗೆದ್ದದ್ದು ನಮ್ಮ ನ್ಯಾಯಮೂರ್ತಿಯ ಅರ್ಜಿಯಿಂದ. ಇವೆರಡರ ಬಗ್ಗೆ ಓದಲು ಮಾತ್ರ ನಮ್ಮ ಮಕ್ಕಳು ಇಂಗ್ಲಿಷಿಗೇ ಹೋಗಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುವವರು, ಮಾಡಿಸುವವರು ದಯವಿಟ್ಟು ಒಂದು ಕೆಲಸ ಮಾಡಿ: ಪ್ರತಿ ಪ್ರಬಂಧದ ಜೊತೆ ಎರಡು ಪುಟದ ಸಾರಾಂಶವನ್ನು ಕನ್ನಡದಲ್ಲೂ ಬರೆದು ಎಲ್ಲರಿಗೂ ಸಿಗುವಂತೆ ಇಡಿ. ಚಿನ್ನಾಳಪಟ್ಟಿಯ ಹುಡುಗಿಗೆ ಕನ್ನಡ ಲಿಪಿ ಬಾರದು. ಯಾರಾದರೂ ಓದಿ ಹೇಳಿದರೆ ಅವಳಿಗೂ ಅವಳ ಅಜ್ಜಿಗೂ ಅರ್ಥವಾಗುತ್ತದೆ.