ಫಟಫಟಿಯ ಕೊರಳು ಎಷ್ಟು ಅಗಲವಿರಬೇಕು?

ಸದ್ದು ಹೆಚ್ಚಿದಷ್ಟೂ ಶಕ್ತಿ ಹೆಚ್ಚುವುದೆಂದು ನಂಬಿದ ತರುಣರು ನಮ್ಮಲ್ಲಿ ಕಡಮೆಯಿಲ್ಲ. ಮೋಟಾರು ಸೈಕಲ್ಲಿನ ಇಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಮೊದಲ ಕೊಳವೆಯನ್ನು (ಗ್ಯಾರೇಜಿನವರು ಬೆಂಡ್ ಪೈಪ್ ಎನ್ನುವುದು ಇದನ್ನೇ) ಕಿತ್ತುಹಾಕಿಸಿ, ಅಲ್ಲಿ ದಪ್ಪನೆಯದೊಂದನ್ನು ಕೂಡಿಸುವುದು ಈ ನಂಬಿಕೆಯ ಮೊದಲ ಫಲ. ಮನೆಯಲ್ಲಿ ಅಂಥ ಮಗನೋ ಮೊಮ್ಮಗನೋ ಇರುವ ವಾಚಕರಿಗೆ ಈ ವಿಷಯ ತೀರ ಹೊರಗಿನದಲ್ಲ. ಅದರ ಹಣ ಹೋಗುವುದು ಸಾಮಾನ್ಯವಾಗಿ ಹಿರಿಯರ ಜೇಬಿನಿಂದಲೇ!

ಮುಂಡರಗಿ ತಾಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಅಲ್ಲಿರುವ ನನ್ನ ಅಕ್ಕನ ಮಗ ತನ್ನ ಹಳೆಯ ಬುಲೆಟ್ಟಿಗೆ 38 ಮಿಲಿಮೀಟರು ಒಳವ್ಯಾಸದ ಪೈಪೊಂದನ್ನು ಹಾಕಿಸಿದ. ಹಿಂದೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಮುಂಡರಗಿಗೆ ಓಡಾಡುವ ಗಾಡಿ. ಅವನ ದಿನದ ಸಂಪಾದನೆಯೆಲ್ಲ ಅದರ ಮೇಲೆಯೇ. ಹೊಸ ಪೈಪು ಬಂದ ಮೇಲೆ ಸದ್ದೇನೋ ಗುಡುಗಿನಂತಾಯಿತು, ಆದರೆ ಭಾರ ಹೊತ್ತು ಏರು ಹತ್ತುವಾಗ ಗಾಡಿ ಮುಗ್ಗರಿಸತೊಡಗಿತು. “ಮಾಮಾ, ಪೈಪ್ ದೊಡ್ಡದಾತು, ಹೊಗಿ ಸಲೀಸ ಹೊರಗ ಹೊಂಟೈತಿ. ಹಂಗಿದ್ರ ಜಗ್ಗೂದು ಯಾಕ ಕಡಿಮಿ ಆತು ಹೇಳ್ರಿ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಅವನ ಊರಿನ ಹೊಳೆಯಲ್ಲಿಯೇ ಇತ್ತು.

ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾದಲ್ಲಿ ನೀರು ಧಾವಿಸುತ್ತದೆ. ಉಸುಕಿನ ಮೇಲೆ ಹರಡಿದಲ್ಲಿ ಅದೇ ನೀರು ಮೆಲ್ಲಗೆ ಸಾಗುತ್ತದೆ. ಹೊಗೆಯ ಸ್ವಭಾವವೂ ಇದೇ. ಇಂಜಿನ್ನು ಹೊಗೆಯನ್ನು ಒಂದೇ ಸಮನೆ ಬಿಡುವುದಿಲ್ಲ, ತುಂಡುತುಂಡಾಗಿ ಉಗುಳುತ್ತದೆ. ವೇಗವಾಗಿ ಹೊರಟ ಒಂದು ತುಂಡು ತನ್ನ ಹಿಂದೆ ಒಂದು ಬಗೆಯ ಬರಿದನ್ನು ಬಿಟ್ಟುಹೋಗುತ್ತದೆ. ಆ ಸೆಳೆತಕ್ಕೆ ಸಿಲಿಂಡರಿನಲ್ಲಿ ಉಳಿದ ಕೊಳೆಹೊಗೆಯೂ ಹೊರಬೀಳುತ್ತದೆ, ಹೊಸ ಪೆಟ್ರೋಲು-ಗಾಳಿಯ ಮಿಶ್ರಣವೂ ಒಳಬರುತ್ತದೆ. ಇದಲ್ಲದೆ ಒತ್ತಡದ ಅಲೆಯೊಂದು ಬಿಸಿಹೊಗೆಯಲ್ಲಿ ಸೆಕೆಂಡಿಗೆ ಸುಮಾರು 500 ಮೀಟರು ವೇಗದಲ್ಲಿ ಓಡಿ, ಕೊಳವೆ ಹಿಗ್ಗುವೆಡೆಯಲ್ಲಿ ತಿರುಗಿ ಸೆಳೆತದ ಅಲೆಯಾಗಿ ಮರಳುತ್ತದೆ. ಕೊಳವೆಯ ಉದ್ದ ಹದವಾಗಿದ್ದರೆ ಎರಡು ವಾಲ್ವುಗಳೂ ತೆರೆದಿರುವ ಆ ಅರೆಗಳಿಗೆಯಲ್ಲಿಯೇ ಅದು ಬಂದು ಮುಟ್ಟುತ್ತದೆ.

“ಇಂಜಿನ್ನಿಗೆ ಸ್ವಲ್ಪ ತಡೆ ಬೇಕು, ಸಾರ್” ಎಂದು ಮೇಸ್ತ್ರಿಗಳು ಹೇಳುವುದುಂಟು. ಅವರ ಅನುಭವ ನಿಜ, ವಿವರಣೆ ಮಾತ್ರ ತಪ್ಪು. ಇಂಜಿನ್ನಿಗೆ ತಡೆ ಎಂದೂ ಬೇಡ. ಅದಕ್ಕೆ ಬೇಕಾದುದು ಹೊಗೆಯ ವೇಗ.

ಈ ವೇಗವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಎಳೆತ ಯಾವ ಸುತ್ತಿನಲ್ಲಿ ಬೇಕೋ ಅಲ್ಲಿ ಹೊಗೆಯ ಸರಾಸರಿ ವೇಗ ಸೆಕೆಂಡಿಗೆ 60–70 ಮೀಟರಿರಬೇಕೆಂಬುದು ರೂಢಿಯ ಸೂತ್ರ. ಹಳೆಯ 350 ಬುಲೆಟ್ಟಿನ ಸಿಲಿಂಡರಿನ ವ್ಯಾಸ 70 ಮಿ.ಮೀ., ಪಿಸ್ಟನ್ನಿನ ನಡೆ 90 ಮಿ.ಮೀ. ನಿಮಿಷಕ್ಕೆ 3000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 9 ಮೀಟರು. ಅದರ ಮುಖದ ಕ್ಷೇತ್ರಫಲ 38.5 ಚದರ ಸೆಂಟಿಮೀಟರು. ಇವೆರಡನ್ನು ಗುಣಿಸಿ 70ರಿಂದ ಭಾಗಿಸಿದರೆ ಸುಮಾರು 5 ಚದರ ಸೆಂಟಿಮೀಟರು, ಎಂದರೆ 25 ಮಿ.ಮೀ. ಒಳವ್ಯಾಸ. 5000 ಸುತ್ತಿಗಾದರೆ 32 ಮಿ.ಮೀ. ದಾಟುತ್ತದೆ. ನಮ್ಮ ಹುಡುಗನ 38ರ ಪೈಪು ಅದೇ ವೇಗ ಕೊಡಬೇಕಾದರೆ ಇಂಜಿನ್ನು 6800 ಸುತ್ತನ್ನು ಮೀರಿ ತಿರುಗಬೇಕು! ಹಳೆಯ ಬುಲೆಟ್ಟು ಅಂಥ ಓಟದ ಕುದುರೆಯಲ್ಲ. ಅದು ಭಾರ ಎಳೆಯುವ ಎತ್ತು. 3000 ಸುತ್ತಿನಲ್ಲಿ ಅವನ ಪೈಪಿನೊಳಗೆ ಹೊಗೆಯ ವೇಗ ಬರಿಯ 30 ಮೀಟರು. ಹಾಗೆಂದು 25ಕ್ಕೆ ಇಳಿಸುವುದೂ ಜಾಣತನವಲ್ಲ, ಮೇಲಿನ ಸುತ್ತುಗಳಲ್ಲಿ ಉಸಿರು ಕಟ್ಟುತ್ತದೆ. ನಡುವಣ ಒಂದು ಅಳತೆಗೆ ಒಪ್ಪಿಕೊಳ್ಳಬೇಕು. ಅವನಿಗೆ ನಾನು ಹೇಳಿದ್ದು, ಅಟ್ಟದ ಮೇಲೆ ಎಸೆದ ಮೂಲ ಪೈಪನ್ನೇ ಇಳಿಸಿಕೋ ಎಂದು.

ಇದೆಲ್ಲ ನಾಲ್ಕು ಹೊಡೆತದ ಇಂಜಿನ್ನಿನ ಮಾತು. 1961ರಿಂದ 1996ರ ವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಎರಡು ಹೊಡೆತದ ಇಂಜಿನ್ನಿನ ಕಥೆ ಬೇರೆ. ಜಾವಾದ ಒಂದೇ ಸಿಲಿಂಡರಿನಿಂದ ಎರಡು ಪೈಪುಗಳು ಇಕ್ಕೆಲಕ್ಕೂ ಇಳಿದಿದ್ದುದನ್ನು ಕಂಡವರು ಮರೆತಿರಲಾರರು. ಇಂಥ ಇಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಒಳಬಂದ ಹೊಸ ಮಿಶ್ರಣ ಹೊಗೆಯ ಹಾದಿಯಲ್ಲಿಯೇ ಓಡಿಹೋಗಲು ಹವಣಿಸುತ್ತದೆ. ಅದನ್ನು ಮರಳಿ ಒಳದೂಡುವುದು ಪೈಪಿನ ತುದಿಯಿಂದ ಹಿಂದಿರುಗುವ ಅಲೆ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಇದನ್ನು ಪಳಗಿಸಿ, 1961ರ ಹೊತ್ತಿಗೆ 125 ಸಿಸಿಯ ಪುಟ್ಟ ಇಂಜಿನ್ನಿನಿಂದ 25 ಕುದುರೆಶಕ್ತಿ ಹೊರಡಿಸಿದ. ಇಲ್ಲಿ ಪೈಪು ಇಂಜಿನ್ನಿನದೇ ಒಂದು ಅಂಗ. ಊಹೆಯ ಮೇಲೆ ಬದಲಿಸುವುದು ಸಲ್ಲದು.

ಪೈಪು ಕೊಳ್ಳಲೇಬೇಕೆಂದರೆ ಅಂಗಡಿಯವನು ಹೇಳುವ ಅಳತೆ ಹೊರವ್ಯಾಸದ್ದೆಂಬುದನ್ನು ನೆನಪಿಡಿ. ಹದಿನಾರು ಗೇಜಿನ ತಗಡಾದರೆ ಒಳಗೆ 3 ಮಿ.ಮೀ.ಗಿಂತ ತುಸು ಹೆಚ್ಚೇ ಕಡಮೆ ಬರುತ್ತದೆ. ಪೈಪು ಬದಲಾದ ಮೇಲೆ ಕಾರ್ಬ್ಯುರೇಟರಿನ ಜೆಟ್ಟನ್ನೂ ನೋಡಿಸಬೇಕು; ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲು ಸಾಲದೆ ಪಿಸ್ಟನ್ನು ಕಾಯುತ್ತಿದೆಯೆಂದು ಅರ್ಥ. ಇನ್ನು ಸೈಲೆನ್ಸರನ್ನೇ ತೆಗೆಸಿ ಬರಿಯ ಪೈಪಿನಲ್ಲಿ ಓಡಿಸುವವರಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಅಡ್ಡ ಬರುತ್ತದೆ. ಪೊಲೀಸರು ಅಂಥ ಪೈಪುಗಳನ್ನು ವಶಪಡಿಸಿಕೊಂಡು ರಸ್ತೆಯ ಮೇಲೆ ಸಾಲಾಗಿ ಹರವಿ ರೋಡ್ ರೋಲರ್ ಹಾಯಿಸಿದ್ದು ನಮ್ಮ ನಾಡಿನಲ್ಲಿಯೂ ನಡೆದಿದೆ.