ಮನೆ ಬದಲಿಸುವ ಮುನ್ನ: ಬೇಡದ ಸಾಮಾನು ಯಾರ ಕೈಗೆ?

ಆಷಾಢ ಕಳೆದು ಶ್ರಾವಣ ಬಂತೆಂದರೆ ಬೆಂಗಳೂರಿನ ಬೀದಿಗಳಲ್ಲಿ ಮನೆ ಸಾಮಾನು ಹೊತ್ತ ಟೆಂಪೊಗಳು ಓಡಾಡತೊಡಗುತ್ತವೆ. ಅವು ಹೊರಟ ಮರುದಿನ ಪಕ್ಕದ ಖಾಲಿ ಸೈಟಿನಲ್ಲಿ ಹಾಸಿಗೆ, ಕಾಲು ಮುರಿದ ಕುರ್ಚಿ, ಬಟ್ಟೆಯ ಮೂಟೆ ಬಿದ್ದಿರುತ್ತವೆ. ಎಸೆದವರು ಕೆಟ್ಟವರೇನಲ್ಲ. ‘ಯಾರಾದರೂ ತಗೊಂಡು ಹೋಗ್ತಾರೆ’ ಎಂದೇ ಅವರು ನಂಬಿರುತ್ತಾರೆ. ಆದರೆ ಯಾವ ಸಾಮಾನು ಯಾರಿಗೆ ಎಂದು ಮೊದಲೇ ಯೋಚಿಸದಿದ್ದರೆ, ಒಂದೇ ಮಳೆಗೆ ಅದು ಯಾರಿಗೂ ಬೇಡವಾಗುತ್ತದೆ.

‘ಕೆಲಸದವರಿಗೆ ಕೊಟ್ಟುಬಿಡೋಣ, ಅವರಿಗೆ ಏನು ಕೊಟ್ಟರೂ ಬೇಕು’ ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಒಂದೇ ಕೋಣೆಯ ಶೀಟ್ ಮನೆಯಲ್ಲಿ ಸಂಸಾರ ಮಾಡುವ ಹೆಣ್ಣುಮಗಳು ಆರು ಕುರ್ಚಿಯ ಊಟದ ಮೇಜನ್ನು ಎಲ್ಲಿಡಬೇಕು? ಆದರೂ ‘ಬೇಡಮ್ಮಾ’ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಬಾಕಿ ಸಂಬಳವೂ, ಮುಂದೆ ಬರುವ ಬಾಡಿಗೆದಾರರಿಗೆ ನೀವು ಹೇಳುವ ಒಳ್ಳೆಯ ಮಾತೂ ನಿಮ್ಮ ಕೈಯಲ್ಲೇ ಇರುತ್ತವೆ. ಹಾಗಾಗಿ ಒಪ್ಪಿಕೊಂಡು, ಕೈಯಿಂದ ದುಡ್ಡು ಹಾಕಿ ಸಾಗಿಸಿ, ಕಡೆಗೆ ಸಿಕ್ಕಿದ ಬೆಲೆಗೆ ಗುಜರಿಗೆ ಹಾಕುತ್ತಾರೆ. ಹದಿನೈದು ದಿನ ಮೊದಲೇ ಎಲ್ಲವನ್ನೂ ತೋರಿಸಿ, ‘ನಿಮಗೆ ಬೇಕಾದ್ದು ಮಾತ್ರ ಹೇಳಿ, ಆಟೊ ಬಾಡಿಗೆ ನಮ್ಮದು’ ಎನ್ನಿ. ಆಗ ಕುಕ್ಕರ್, ಮಿಕ್ಸಿ, ಮಗುವಿನ ಸೈಕಲ್ ನಿಜಕ್ಕೂ ಬೇಕಾದ ಮನೆ ಸೇರುತ್ತವೆ.

ಹಳೆ ಬಟ್ಟೆ ಹೇಗಿದ್ದರೂ ದಾನಕ್ಕೆ ನಡೆಯುತ್ತದೆ ಎಂಬುದೂ ಅಂಥದ್ದೇ ನಂಬಿಕೆ. ಒಗೆದು, ಗುಂಡಿ ಹೊಲಿದು, ನಾವೇ ಉಡಬಹುದಾದ ಸ್ಥಿತಿಯಲ್ಲಿದ್ದರೆ ಮಾತ್ರ ಅದು ದಾನ. ಹರಿದ ಹತ್ತಿ ಬಟ್ಟೆ ಗ್ಯಾರೇಜಿನಲ್ಲಿ ಎಣ್ಣೆ ಒರೆಸಲು ಬರುತ್ತದೆ, ಪಾಲಿಯೆಸ್ಟರ್ ಅದಕ್ಕೂ ಬಾರದು. ಇನ್ನು, ಅಜ್ಜಿಯ ಹರಿದ ರೇಷ್ಮೆ ಸೀರೆಯನ್ನು ಪಾತ್ರೆಯವರಿಗೆ ಕೊಡುವ ಮೊದಲು ಅಂಚು ನೋಡಿ. ಮೈಸೂರು ಸಿಲ್ಕ್ ಸೀರೆಯ ಅಸಲಿ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿಯೂ ಶೇ. 0.65ರಷ್ಟು ಚಿನ್ನವೂ ಇರುತ್ತದೆ. ಹಳೆ ಜರಿ ಕೊಳ್ಳುವವರೇ ಬೇರೆ ಇದ್ದಾರೆ.

ಹಾಸಿಗೆಯ ವಿಷಯದಲ್ಲಿ ಹತ್ತಿಯೇ ಗೆಲ್ಲುತ್ತದೆ. ಹತ್ತಿಯ ಹಾಸಿಗೆಯನ್ನು ಬಿಚ್ಚಿ, ಹಿಂಜಿಸಿ, ಹೊಸದಾಗಿ ಹೊಲಿಸಬಹುದು. ರಬ್ಬರ್ ಅಂಟು ಹಾಕಿ ಒತ್ತಿದ ತೆಂಗಿನ ನಾರನ್ನು ಮತ್ತೆ ಬಿಡಿಸಲಾಗದು. ಬೆಂಗಳೂರಿನ ಕಸವನ್ನೆಲ್ಲ ಹೊತ್ತು ಬೇಸತ್ತ ಪಕ್ಕದ ಮಂಡೂರು ಹಳ್ಳಿಯ ಜನ 2014ರಲ್ಲಿ ಕಸದ ಲಾರಿಗಳನ್ನು ತಡೆದು ನಿಂತದ್ದು ನೆನಪಿದ್ದವರು ಇಂಥ ಹಾಸಿಗೆಯನ್ನು ಕತ್ತಲಲ್ಲಿ ಬೀದಿಗಿಡಲಾರರು.

ದೇವರ ಪಟಗಳ ಮಾತು ಸೂಕ್ಷ್ಮ. ಒಡೆದ ಪಟವನ್ನು ಅರಳಿಕಟ್ಟೆಗೆ ಒರಗಿಸಿ ಬಂದರೆ ದೋಷ ತಟ್ಟದೆಂದು ಮನೆಮನೆಯಲ್ಲೂ ನಂಬುತ್ತಾರೆ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಮಳೆಗೆ ಹಲಗೆ ಉಬ್ಬಿ, ಗಾಜು ಚೂರಾಗಿ, ಬೆಳಿಗ್ಗೆ ಗುಡಿಸಲು ಬರುವ ಪೌರಕಾರ್ಮಿಕರ ಬೆರಳು ಕುಯ್ಯುತ್ತದೆ. ವಿಸರ್ಜನೆಯ ಅರ್ಥ ಮಣ್ಣಿನದು ಮಣ್ಣಿಗೆ, ನೀರಿಗೆ ಮರಳುವುದು. ಗಾಜು, ಮೊಳೆ, ಪ್ಲಾಸ್ಟಿಕ್ ಚೌಕಟ್ಟು ಎಲ್ಲಿಗೂ ಮರಳುವುದಿಲ್ಲ. ಕೈಮುಗಿದು ಪಟ ಬಿಚ್ಚಿ. ಕಾಗದದ ಚಿತ್ರವನ್ನು ನೀರಲ್ಲಿ ನೆನೆಸಿ ಗಿಡದ ಬುಡದಲ್ಲಿ ಹೂಳಬಹುದು. ಚೌಕಟ್ಟು ಒಣಕಸಕ್ಕೆ, ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಕೊಡಿ. ಇದರಿಂದ ದೇವರಿಗೆ ಅಪಚಾರವಾಗುವುದಿಲ್ಲ.

ಹಳೆ ಫ್ರಿಜ್ಜನ್ನು ಗುಜರಿಯವರಿಗೆ ಕೊಟ್ಟರೆ ಮರುಬಳಕೆ ಆದಂತೆಯೇ ಎನ್ನುತ್ತಾರೆ. ಇದು ಅರ್ಧ ನಿಜ. ಪೇಪರ್, ಕಬ್ಬಿಣ, ಹಿತ್ತಾಳೆಯ ಮಟ್ಟಿಗೆ ಜಾಲಿ ಮೊಹಲ್ಲಾದಂಥ ಗುಜರಿ ಪೇಟೆಗಳು ಈ ನಗರಕ್ಕೆ ಮಾಡುವ ಉಪಕಾರ ದೊಡ್ಡದು. ಫ್ರಿಜ್ಜಿನಲ್ಲಿ ಮಾತ್ರ ಬೆಲೆ ಇರುವುದು ತಾಮ್ರಕ್ಕೆ, ಕಂಪ್ರೆಸರ್‌ಗೆ. ಕೊಳವೆ ಕತ್ತರಿಸಿದೊಡನೆ ಒಳಗಿನ ಅನಿಲ ಗಾಳಿಗೆ ಹೋಗುತ್ತದೆ. ಹಳೆಯ ಫ್ರಿಜ್ಜುಗಳಲ್ಲಿ ತುಂಬುತ್ತಿದ್ದ ಆರ್-134ಎ, ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲವಾದದ್ದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವನ್ನು ನೋಂದಾಯಿತ ಘಟಕಗಳಲ್ಲೇ ಬಿಚ್ಚಬೇಕು, ಅದರ ಹೊಣೆ ತಯಾರಕರದು. ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಕೇಳಿ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ 2005ರಲ್ಲಿ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲೇ.

ಕಂಪ್ಯೂಟರ್ ಕೊಡುವಾಗ ‘ಎಲ್ಲ ಡಿಲೀಟ್ ಮಾಡಿದ್ದೇನೆ’ ಎಂದು ನಿಶ್ಚಿಂತರಾಗಬೇಡಿ. ಹಾರ್ಡ್‌ಡಿಸ್ಕಿನಲ್ಲಿ ಡಿಲೀಟ್ ಆಗುವುದು ಫೈಲು ಎಲ್ಲಿದೆ ಎಂಬ ದಾಖಲೆ ಮಾತ್ರ. ಆ ಜಾಗದ ಮೇಲೆ ಬೇರೆ ಮಾಹಿತಿ ಬರೆಯುವವರೆಗೂ ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಕಾಗದ ಅಲ್ಲೇ ಇರುತ್ತವೆ. ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳುವುದೇ ಸುಲಭ. ಈಚಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ, ಖಾತೆ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಕು.

ಉಳಿದ ಔಷಧಿಯನ್ನೆಲ್ಲ ಕಮೋಡಿಗೆ ಸುರಿಯುವುದೂ ಸರಿಯಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹಾಗೆ ಮಾಡಲು ಹೇಳಿದ್ದು ತೀವ್ರ ನೋವುನಿವಾರಕಗಳೂ ಸೇರಿದ 17 ಔಷಧಿಗಳಿಗೆ ಮಾತ್ರ. ಆಂಟಿಬಯೋಟಿಕ್ ಚರಂಡಿ ಸೇರಿದರೆ, ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಇಂಥ ಔಷಧಿಗಳನ್ನೂ, ಪಾದರಸವಿರುವ ಹಳೆ ಥರ್ಮಾಮೀಟರ್, ಟ್ಯೂಬ್‌ಲೈಟ್‌ಗಳನ್ನೂ ಒಡೆಯದೆ ಬೇರೆಯಾಗಿ ಕಟ್ಟಿ, ಒಳಗೇನಿದೆ ಎಂದು ಹೇಳಿಯೇ ಕಸದ ಗಾಡಿಯವರ ಕೈಗೆ ಕೊಡಿ.