ಭಾಷೆ ಕಲಿಯುವ ಹೊರೆ ಯಾರ ತಲೆಯ ಮೇಲೆ?

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಕುಟುಂಬಗಳ ಮನೆಮಾತು ವಾಗ್ರಿ. ಗುಜರಾತಿಯ ಸಂಬಂಧಿಯಾದ, ಲಿಪಿಯಿಲ್ಲದ ನುಡಿ ಅದು. ಹೊಸಿಲು ದಾಟಿದರೆ ಕನ್ನಡ. ಊರೂರು ಸುತ್ತಿ ವ್ಯಾಪಾರ ಮಾಡಿದವರಾದ್ದರಿಂದ ತಮಿಳು, ತೆಲುಗು, ಹಿಂದಿ ಕೂಡ ಅವರಲ್ಲಿ ಹಲವರಿಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಹಕ್ಕಿ ಹಿಡಿಯುವ ಕಸುಬಿಗೆ ಕುತ್ತು ಬಂದ ಮೇಲೆ ಇವರು ಗಿಡಮೂಲಿಕೆ, ಕೂದಲೆಣ್ಣೆಗಳ ಮಾರಾಟಕ್ಕೆ ಇಳಿದರು. ಕಳೆದ ಎರಡು ಮೂರು ದಶಕಗಳಲ್ಲಿ ಅದೇ ಸರಕು ಹಿಡಿದು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಸ್ಫೋಟಿಸಿ, ಹುಣಸೂರಿನ ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ಬಂದಾಗಲೇ ಈ ಪ್ರಯಾಣಗಳ ಸಂಗತಿ ಮೈಸೂರು ಜಿಲ್ಲೆಯಲ್ಲೂ ಎಷ್ಟೋ ಜನರಿಗೆ ಗೊತ್ತಾದದ್ದು. ‘ಆಪರೇಷನ್ ಕಾವೇರಿ’ಯಲ್ಲಿ ಭಾರತ ಸರ್ಕಾರ ಸುಡಾನಿನಿಂದ ತನ್ನ ಪ್ರಜೆಗಳನ್ನು ಕರೆತಂದಿತು, ಸುದ್ದಿ ಅಲ್ಲಿಗೆ ಮುಗಿಯಿತು. ಇವರು ಅಲ್ಲಿ ಯಾವ ಭಾಷೆಯಲ್ಲಿ ವ್ಯಾಪಾರ ನಡೆಸುತ್ತಿದ್ದರು ಎಂದು ಕೇಳಿದವರು ಕಡಿಮೆ. ಸುಡಾನಿನ ಪೇಟೆಯ ಮಾತು ಅರಬ್ಬಿ. ಎಣ್ಣೆಯ ಶೀಸೆ ಮುಂದಿಟ್ಟು ಸುಮ್ಮನೆ ಕೂತರೆ ಯಾರೂ ಕೊಳ್ಳುವುದಿಲ್ಲ. ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಎಷ್ಟು ದಿನಕ್ಕೆ ಗುಣ ಕಾಣುತ್ತದೆ, ಚೌಕಾಸಿ ಮಾಡಿದರೆ ಎಲ್ಲಿಯವರೆಗೆ ಇಳಿಯಬಹುದು, ಇವಿಷ್ಟನ್ನಾದರೂ ಗಿರಾಕಿಯ ಮಾತಿನಲ್ಲಿ ಹೇಳಲೇಬೇಕು.

ಇಂಥವರ ಭಾಷಾಜ್ಞಾನ ನಮ್ಮ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೊಂದು ಜಾಗ, ಗೊತ್ತಿರುವ ಬೇರೆ ಭಾಷೆಗಳಿಗೆ ಎರಡು ಜಾಗ, ಅಷ್ಟೆ. ನಾಲ್ಕನೆಯದನ್ನೂ ಐದನೆಯದನ್ನೂ ಬರೆದುಕೊಳ್ಳುವವರಿಲ್ಲ. ದೇಶದಲ್ಲಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು ಸುಮಾರು ಶೇ. 26, ಮೂರು ಬಲ್ಲವರು ಸುಮಾರು ಶೇ. 7 ಎಂದು 2011ರ ಗಣತಿ ಹೇಳುತ್ತದೆ. ಆ ಶೇ. 7ರೊಳಗೆ ಸೇರುವ ವ್ಯಾಪಾರಿ ಶಾಲೆಯ ಮೆಟ್ಟಿಲು ಹತ್ತದವನಾದರೆ ಅದೇ ಗಣತಿಯ ಇನ್ನೊಂದು ಪಟ್ಟಿಯಲ್ಲಿ ಅವನು ಅನಕ್ಷರಸ್ಥ. ಕನ್ನಡ, ಇಂಗ್ಲಿಷ್ ಎರಡೇ ಬಲ್ಲ ಪದವೀಧರ ವಿದ್ಯಾವಂತ. ಭಾಷೆ ಕಲಿಕೆಯ ಬಗ್ಗೆ ನಮ್ಮಲ್ಲಿ ನಡೆಯುವ ವಾದವೆಲ್ಲ ಮಗುವಿನ ಬುದ್ಧಿ, ವಯಸ್ಸು, ಪಠ್ಯಪುಸ್ತಕ, ತ್ರಿಭಾಷಾ ಸೂತ್ರ ಇವುಗಳ ಸುತ್ತಲೇ ಸುತ್ತುತ್ತದೆ. ಹುಣಸೂರು ತಾಲ್ಲೂಕಿನ ಹನಗೋಡಿನ ಸುತ್ತಣ ಸೀಮೆಯನ್ನು ಕಣ್ಣಿಟ್ಟು ನೋಡಿದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನಿಸುತ್ತದೆ: ಯಾರು ಯಾರ ಭಾಷೆಯನ್ನು ಕಲಿಯಬೇಕಾಗಿ ಬಂದಿದೆ? ನೆಲ, ಹಣ, ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಭಾಷೆಯನ್ನು ಉಳಿದವರು ಕಲಿಯುತ್ತಾರೆ. ಕಲಿಯಲು ಆಗುವುದಿಲ್ಲ ಎಂಬ ಮಾತು ಸಾಮಾನ್ಯವಾಗಿ ಕಲಿಯುವ ಅಗತ್ಯವೇ ಬೀಳದವರ ಬಾಯಿಂದ ಬರುತ್ತದೆ.

ಈ ಸೀಮೆ ಇದಕ್ಕೆ ಒಳ್ಳೆಯ ಸಾಕ್ಷಿ. ಕೆ.ಆರ್. ನಗರದ ಕಾವೇರಿ ಬಯಲಿನ ಭತ್ತದ ರೈತನಿಗೆ ಕನ್ನಡ ಒಂದಿದ್ದರೆ ಜೀವನ ಸಾಗುತ್ತದೆ. ಎರಡನೆಯ ಭಾಷೆ ಅವನಿಗೆ ಬೇಕಾದರೆ ಉಂಟು. ಅಲ್ಲಿಂದ ಪಡುವಲಕ್ಕೆ, ಕಾಡಿನ ಅಂಚಿಗೆ ಹೋದ ಹಾಗೆಲ್ಲ ಮಾತು ಹೆಚ್ಚುತ್ತದೆ. ಹೆಗ್ಗಡದೇವನಕೋಟೆಯ ಗಡಿಯಾಚೆ ಬಾವಲಿ, ವಯನಾಡು. ಕೇರಳದಿಂದ ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವರು ಕನ್ನಡ ಕಲಿಯುತ್ತಾರೆ, ಅವರ ಬಳಿ ಕೂಲಿಗೆ ಹೋಗುವವರ ಕಿವಿಗೆ ಮಲಯಾಳ ಬೀಳುತ್ತದೆ. ಹನಗೋಡು ಹೋಬಳಿಯ ಬುಡಕಟ್ಟು ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿ ಇರುವ ಜೇನು ಕುರುಬರಿಗೆ ತಮ್ಮ ನುಡಿ, ಕನ್ನಡ ಎರಡರ ಮೇಲೆ ಕೊಡವ, ಮಲಯಾಳಗಳ ಪರಿಚಯವೂ ಆಗುತ್ತದೆ. ತೋಟದ ಯಜಮಾನ ಜೇನು ನುಡಿ ಕಲಿತ ಎಂಬ ಮಾತನ್ನು ಮಾತ್ರ ಕೇಳುವುದು ಅಪರೂಪ.

ಬಲವುಳ್ಳವರಿಂದ ಬಲವಿಲ್ಲದವರತ್ತ ಭಾಷೆ ಹರಿಯುವ ಈ ಇಳಿಜಾರಿಗೆ ಒಂದು ಅಪವಾದವೂ ಇಲ್ಲೇ ಇದೆ, ಅದೂ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. 1961ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲೂ 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಟಿಬೆಟಿಯನ್ ನಿರಾಶ್ರಿತರ ನೆಲೆಗಳಾದವು. ಬಂದವರು ಬರಿಗೈಯವರು. ಕಾಡು ಕಡಿದು ಜೋಳ ಬಿತ್ತಿದ ಆ ಮೊದಲ ತಲೆಮಾರಿನಲ್ಲಿ ವಯಸ್ಸು ಮೀರಿದವರೂ ಬೇಕಾದಷ್ಟಿದ್ದರು. ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ ಬೇಕಾಗುವಷ್ಟು ಕನ್ನಡವನ್ನೋ ಹಿಂದಿಯನ್ನೋ ಅವರು ಕಲಿತುಕೊಂಡರು. ಆದರೆ ಅವರ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1961ರಿಂದಲೇ ಪ್ರತ್ಯೇಕ ಶಾಲಾ ವ್ಯವಸ್ಥೆ ಮಾಡಿತು. ಪ್ರಾಥಮಿಕ ತರಗತಿಗಳ ಪಾಠವನ್ನು ಟಿಬೆಟಿಯನ್ ಭಾಷೆಗೇ ತಿರುಗಿಸುವ ಕೆಲಸ 1980ರ ದಶಕದಲ್ಲಿ ಶುರುವಾಯಿತು. 2004ರಲ್ಲಿ ನಿರ್ವಾಸಿತ ಟಿಬೆಟಿಯನ್ ಆಡಳಿತ ಒಪ್ಪಿದ ಶಿಕ್ಷಣ ನೀತಿಯೂ ಮಾತೃಭಾಷೆಯ ಪಾಠಕ್ಕೇ ಒತ್ತು ಕೊಟ್ಟಿತು. ಮಗು ಮೊದಲು ತನ್ನ ನುಡಿಯಲ್ಲಿ ಓದು ಬರಹ ಕಲಿತು, ಆಮೇಲೆ ಇಂಗ್ಲಿಷ್, ಹಿಂದಿಗಳಿಗೆ ದಾಟುತ್ತದೆ. ಈಗ ಬೈಲಕುಪ್ಪೆಯ ಕ್ಯಾಂಪುಗಳ ಬದಿಯಲ್ಲಿ ಅಂಗಡಿ ಇಟ್ಟ, ಆಟೊ ಓಡಿಸುವ ಸ್ಥಳೀಯರಲ್ಲಿ ಕೆಲವರು ಟಿಬೆಟಿಯನ್ ಮಾತನಾಡುತ್ತಾರೆ. ಅಲ್ಲಿ ಕಾಸು ಬಿಚ್ಚುವ ಗಿರಾಕಿ ಟಿಬೆಟಿಯನ್, ಕಲಿಯುವ ಸರದಿ ಕನ್ನಡಿಗರದು. ಅವರಿಗೆ ಯಾರೂ ವ್ಯಾಕರಣ ಪಾಠ ಮಾಡಿಲ್ಲ.

ಹಾಗಾದರೆ ಹುಣಸೂರು ತಾಲ್ಲೂಕಿನ ಜೇನು ಕುರುಬ ಮಗುವಿನ ಪಾಡೇನು? 2011ರ ಗಣತಿಯಂತೆ ರಾಜ್ಯದಲ್ಲಿ ಜೇನು ಕುರುಬರು 36 ಸಾವಿರದಷ್ಟಿದ್ದಾರೆ. ಮುಖ್ಯವಾಗಿ ಮೈಸೂರು, ಕೊಡಗು, ಚಾಮರಾಜನಗರ ಜಿಲ್ಲೆಗಳಲ್ಲಿ. ನಾಗರಹೊಳೆ ಕಾಡಿನಿಂದ ಹೊರಬಂದ ಕುಟುಂಬಗಳಲ್ಲಿ ಅನೇಕವನ್ನು ಹನಗೋಡಿನ ಹತ್ತಿರ ನಾಗಾಪುರದಲ್ಲಿ ನೆಲೆಗೊಳಿಸಲಾಗಿದೆ. ಟಿಬೆಟಿನಿಂದ ಬಂದವರ ಮಗುವಿಗೆ ಈ ತಾಲ್ಲೂಕಿನಲ್ಲಿ ತನ್ನ ಭಾಷೆಯ ಪ್ರಾಥಮಿಕ ಶಾಲೆ ದಕ್ಕಿದೆ. ಇದೇ ಕಾಡಿನವರ ಮಗು ಗಿರಿಜನ ಆಶ್ರಮ ಶಾಲೆಗೆ ಬಂದ ಮೊದಲ ದಿನವೇ ಕನ್ನಡದ ಪಠ್ಯ ಹಿಡಿಯಬೇಕು. ಟಿಬೆಟಿಯನ್ನರ ಮೇಲೆ ಹೊಟ್ಟೆಕಿಚ್ಚು ಪಡುವ ಕಾರಣ ಇದರಲ್ಲಿಲ್ಲ. ಅವರಿಗೆ ಸಿಕ್ಕಿದ್ದು ಎಲ್ಲ ಮಕ್ಕಳಿಗೂ ಸಿಗಬೇಕಾದದ್ದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ.

ಜೇನು ಕುರುಬ ಮಗುವಿನ ತೊಂದರೆಗೆ ಇನ್ನೊಂದು ಪದರವಿದೆ, ಅದು ಮೇಲುನೋಟಕ್ಕೆ ಕಾಣುವುದಿಲ್ಲ. ವಾಗ್ರಿ ಬೇರೆಯೇ ಭಾಷೆ ಎಂಬುದು ಯಾವ ಮೇಷ್ಟ್ರ ಕಿವಿಗಾದರೂ ತಕ್ಷಣ ಗೊತ್ತಾಗುತ್ತದೆ. ಜೇನು ನುಡಿ ಹಾಗಲ್ಲ. ಅದು ದ್ರಾವಿಡ ಬಳಗದ್ದು, ಕನ್ನಡದ ಹತ್ತಿರದ ನೆಂಟ. ಕನ್ನಡದ ಉಪಭಾಷೆ ಎನ್ನುವವರೂ ಇದ್ದಾರೆ, ಸ್ವತಂತ್ರ ನುಡಿ ಎನ್ನುವವರೂ ಇದ್ದಾರೆ. ಈ ನೆಂಟಸ್ತಿಕೆಯೇ ಮಗುವಿಗೆ ಮುಳುವಾಗುತ್ತದೆ. ದೂರದ ಭಾಷೆಯಾಗಿದ್ದರೆ ‘ಇವನಿಗೆ ಕನ್ನಡ ಬರುವುದಿಲ್ಲ, ಕಲಿಸೋಣ’ ಎನ್ನುತ್ತಿದ್ದರು. ಹತ್ತಿರದ್ದಾದ್ದರಿಂದ ‘ಇವನು ಕನ್ನಡವನ್ನು ತಪ್ಪು ತಪ್ಪಾಗಿ ಆಡುತ್ತಾನೆ’ ಎಂದು ತಿದ್ದುತ್ತಾರೆ. ಬಾಯಿ ಬಿಟ್ಟಾಗಲೆಲ್ಲ ತಿದ್ದಿಸಿಕೊಳ್ಳುವ ಮಗು ಬಾಯಿ ಮುಚ್ಚುವುದನ್ನು ಬೇಗ ಕಲಿಯುತ್ತದೆ. ಸುಮ್ಮನಿರುವ ಮಗುವನ್ನು ದಡ್ಡ ಎನ್ನುತ್ತಾರೆ. ಅಪ್ಪ ಅಮ್ಮ ತೋಟಕ್ಕೆ ಹೊರಟಾಗ ಅದೂ ಹೊರಡುತ್ತದೆ. ಶಾಲೆ ಬಿಡುವುದಕ್ಕೆ ಬಡತನ, ವಲಸೆ, ದೂರ ಎಲ್ಲವೂ ಕಾರಣ ನಿಜ. ಭಾಷೆ ಅವುಗಳ ಜೊತೆ ಸೇರಿ ಕೆಲಸ ಮಾಡುತ್ತದೆ, ಆದರೆ ಅದು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಪಕ್ಷಿರಾಜಪುರದ ವ್ಯಾಪಾರಿಗೆ ಬರುವುದು ಪೇಟೆಯ ನಾಲ್ಕು ಮಾತು, ಅದನ್ನು ಭಾಷೆ ಕಲಿತದ್ದು ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಈ ವ್ಯತ್ಯಾಸವನ್ನೇ ಗುರುತಿಸಿದರು: ಆಟ, ಸಂತೆ, ಹರಟೆಗಳ ಭಾಷೆ ಒಂದು, ಪಾಠ, ತರ್ಕ, ಬರಹಗಳ ಭಾಷೆ ಇನ್ನೊಂದು. ಹೊಸ ಭಾಷೆಯಲ್ಲಿ ಮೊದಲನೆಯದು ಮಕ್ಕಳಿಗೆ ಹೆಚ್ಚುಕಡಿಮೆ ಎರಡು ವರ್ಷದಲ್ಲಿ ಒಲಿಯುತ್ತದೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಆದ್ದರಿಂದ ಆಕ್ಷೇಪವನ್ನು ಒಪ್ಪುತ್ತೇನೆ. ಒಪ್ಪಿದ ಮೇಲೆ ಅದನ್ನು ಹಾಡಿಯ ಮಗುವಿಗೂ ಅನ್ವಯಿಸಬೇಕಲ್ಲ! ಹನಗೋಡಿನ ಅಂಗಡಿಯಲ್ಲಿ ಬೀಡಿ, ಬೆಲ್ಲ ತರುವಷ್ಟು ಕನ್ನಡ ಆ ಮಗುವಿಗೆ ಬಂದೊಡನೆ ‘ಕನ್ನಡ ಬರುತ್ತೆ ಬಿಡಿ’ ಎಂದು ಶಾಲೆ ತೀರ್ಮಾನಿಸಿಬಿಡುತ್ತದೆ. ಕಾಡಿನ ಗಿಡ, ಗೆಡ್ಡೆ, ಜೇನುಹುಳುಗಳ ವಿಷಯದಲ್ಲಿ ಮೇಷ್ಟ್ರಿಗೇ ಪಾಠ ಹೇಳಬಲ್ಲ ಹುಡುಗ ವಿಜ್ಞಾನದ ಪುಸ್ತಕದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂಬಲ್ಲಿಗೆ ಬಂದು ಮುಗ್ಗರಿಸಿದರೆ, ತಿಳಿವಳಿಕೆ ಸಾಲದು ಎಂಬ ಷರಾ ಬೀಳುತ್ತದೆ. ಹುಣಸೂರು ಪೇಟೆಯ ಹುಡುಗನೂ ಅಲ್ಲಿ ಮುಗ್ಗರಿಸುತ್ತಾನೆ, ಆದರೆ ಅವನು ದಾಟಬೇಕಾದದ್ದು ಆಡುಗನ್ನಡದಿಂದ ಪುಸ್ತಕದ ಕನ್ನಡಕ್ಕೆ, ಒಂದು ಹೊಳೆ. ಹಾಡಿಯವನಿಗೆ ಜೇನು ನುಡಿಯಿಂದ ಹುಣಸೂರಿನ ಆಡುಗನ್ನಡಕ್ಕೆ, ಅಲ್ಲಿಂದ ಪುಸ್ತಕಕ್ಕೆ, ಎರಡು.

ಇಷ್ಟೊಂದು ಭಾಷೆ ಹೇರಿದರೆ ಮಗುವಿನ ತಲೆ ಕಲಸುಮೇಲೋಗರವಾಗುವುದಿಲ್ಲವೇ ಎಂಬ ಭಯ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲರ್ಧದ ಅನೇಕ ಪರೀಕ್ಷೆಗಳು ಅದನ್ನೇ ಹೇಳಿದವು. ಬಡ ವಲಸಿಗರ ಮಕ್ಕಳನ್ನು ಅನುಕೂಲಸ್ಥರ ಮಕ್ಕಳ ಜೊತೆ ತೂಗಿ ನೋಡಿದ್ದೇ ಅವುಗಳ ದೋಷ. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್‌ನ ಹತ್ತು ವರ್ಷದ ಮಕ್ಕಳನ್ನು ಒಂದೇ ಅಂತಸ್ತಿನವರ ನಡುವೆ ಹೋಲಿಸಿದಾಗ ಎರಡು ಭಾಷೆ ಬಲ್ಲವರೇ ಮುಂದಿದ್ದರು. ಎರಡು ಭಾಷೆಯಿಂದ ಬುದ್ಧಿ ಚುರುಕಾಗುತ್ತದೆ ಎಂಬ ಮಾತನ್ನು ಈಗೀಗ ಕೆಲವು ಸಂಶೋಧಕರು ಪ್ರಶ್ನಿಸುತ್ತಿದ್ದಾರೆ, ಇರಲಿ. ಮಂಕಾಗುತ್ತದೆ ಎಂಬ ಮಾತಂತೂ ನಿಂತಿಲ್ಲ. ವಯಸ್ಸಿನ ನೆಪವೂ ಹೀಗೆಯೇ ಸಡಿಲ. ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಆಧರಿಸಿ 2018ರಲ್ಲಿ ಬಂದ ಅಧ್ಯಯನವೊಂದು, ಹೊಸ ಭಾಷೆಯ ವ್ಯಾಕರಣ ಹಿಡಿಯುವ ಚುರುಕು ಹದಿನೇಳರ ವಯಸ್ಸಿನವರೆಗೂ ಉಳಿದಿರುತ್ತದೆ ಎಂದಿತು. ಆಮೇಲೂ ಬಾಗಿಲೇನೂ ಮುಚ್ಚುವುದಿಲ್ಲ, ಬೈಲಕುಪ್ಪೆಗೆ ಬಂದವರನ್ನೇ ನೋಡಬಹುದು. ಉಚ್ಚಾರಣೆ ಹದಕ್ಕೆ ಬಾರದೆ ಇರಬಹುದು. ಅದರಿಂದ ಯಾರ ಗಂಟು ಹೋಗುತ್ತದೆ?

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. 36 ಸಾವಿರ ಜನರ ನುಡಿಯನ್ನು ಮೇಷ್ಟ್ರು ಕಲಿಯಬೇಕೇ, ನಾಲ್ಕು ವರ್ಷಕ್ಕೆ ವರ್ಗವಾಗುವವರು ಯಾಕೆ ಕಲಿತಾರು, ಹಾಡಿಯ ತಾಯ್ತಂದೆಯರೇ ಕನ್ನಡ, ಇಂಗ್ಲಿಷ್ ಕೇಳುತ್ತಿರುವಾಗ ಇದೆಲ್ಲ ಯಾರಿಗಾಗಿ? ಕೊನೆಯದನ್ನು ಮೊದಲು ನೋಡೋಣ. ಅವರು ಕೇಳುವುದು ನ್ಯಾಯ, ಕನ್ನಡ ಇಂಗ್ಲಿಷ್ ಎರಡೂ ಆ ಮಕ್ಕಳಿಗೆ ಬೇಕು. ಜೇನು ನುಡಿಯಲ್ಲೇ ಹತ್ತನೇ ಕ್ಲಾಸಿನವರೆಗೆ ಓದಿಸಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಮೊದಲ ಎರಡು ಮೂರು ವರ್ಷ ಮಗು ಆಡಿದ್ದು ಮೇಷ್ಟ್ರಿಗೆ ತಿಳಿಯಲಿ, ಲೆಕ್ಕ, ಪರಿಸರ ಪಾಠಗಳು ಮಗುವಿನ ಮಾತಿನಲ್ಲಿ ಶುರುವಾಗಲಿ, ಕನ್ನಡವನ್ನು ಹೊಸ ಭಾಷೆ ಎಂದೇ ತಿಳಿದು ಕ್ರಮವಾಗಿ ಕಲಿಸಲಿ ಎಂಬುದಷ್ಟೇ ಕೋರಿಕೆ. ಒಡಿಶಾ ಸರ್ಕಾರ 2006ರಲ್ಲಿ ಹತ್ತು ಬುಡಕಟ್ಟು ಭಾಷೆಗಳಲ್ಲಿ ಇಂಥ ಶಾಲೆಗಳನ್ನು ಶುರು ಮಾಡಿ, ಮುಂದೆ ಇಪ್ಪತ್ತೊಂದು ಭಾಷೆಗಳಿಗೆ ವಿಸ್ತರಿಸಿತು. ಆಯಾ ಸಮುದಾಯದವರನ್ನೇ ಶಿಕ್ಷಕರಾಗಿ ತೆಗೆದುಕೊಂಡಿತು. ಅಲ್ಲಿ ತೊಡಕುಗಳಿಲ್ಲ ಎಂದಲ್ಲ. ಆಗದ ಕೆಲಸ ಎಂದು ಕೈ ಚೆಲ್ಲುವ ಹಾಗಿಲ್ಲ ಎಂದಷ್ಟೇ.

ವರ್ಗಾವಣೆಯ ಮಾತಿಗೂ ಉತ್ತರ ನಮ್ಮ ಆಡಳಿತದಲ್ಲೇ ಇದೆ. ಬಿಹಾರದಿಂದಲೋ ಪಂಜಾಬಿನಿಂದಲೋ ಕರ್ನಾಟಕಕ್ಕೆ ನೇಮಕವಾಗಿ ಬರುವ ಐಎಎಸ್ ಅಧಿಕಾರಿ ಕನ್ನಡ ಪರೀಕ್ಷೆ ಪಾಸು ಮಾಡಲೇಬೇಕು. ಪಾಸಾಗುತ್ತಾರೆ, ಕೆಲವರು ಸೊಗಸಾಗಿ ಭಾಷಣವನ್ನೂ ಮಾಡುತ್ತಾರೆ. ಅಧಿಕಾರದ ಇಳಿಜಾರಿನ ವಿರುದ್ಧ ಭಾಷೆ ಹರಿಯುವ ಅಪರೂಪದ ಜಾಗ ಇದು. ನಿಯಮ ಇರುವುದರಿಂದ ಹರಿಯುತ್ತದೆ. ಹುಣಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಮೇಷ್ಟ್ರುಗಳು ಹತ್ತು ತಿಂಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಗಳಲ್ಲಿ ಒಂದನ್ನು ಅಕ್ಷರಮಾಲೆಯಿಂದ ಹಿಡಿದು ಕಲಿತು ಹೋಗುತ್ತಾರೆ. ಲಿಪಿಯೇ ಇಲ್ಲದ, ಕನ್ನಡಕ್ಕೆ ಇಷ್ಟು ಹತ್ತಿರವಿರುವ ಜೇನು ನುಡಿಗೆ ಅಷ್ಟು ದಿನವೂ ಬೇಡ. ಶಾಲೆ ತೆರೆಯುವ ಮೊದಲಿನ ಬೇಸಿಗೆಯಲ್ಲಿ ಹಾಡಿಯ ಹಿರಿಯರಿಬ್ಬರಿಗೆ ಗೌರವಧನ ಕೊಟ್ಟು ಆಶ್ರಮ ಶಾಲೆಗೆ ಕರೆಸಿ, ಹೊಸದಾಗಿ ಬಂದ ಮೇಷ್ಟ್ರು ಅವರ ಮುಂದೆ ಕೂತು ಮಕ್ಕಳ ದಿನಬಳಕೆಯ ಮಾತನ್ನು ಕಲಿಯುವ ಏರ್ಪಾಡು ಮಾಡಬಹುದು. ಜೂನ್ ಹೊತ್ತಿಗೆ ಅವರ ಬಾಯಲ್ಲಿ ಜೇನು ನುಡಿ ತೊದಲುತ್ತಿರುತ್ತದೆ, ಮಕ್ಕಳು ನಗುತ್ತಾರೆ, ತಿದ್ದುತ್ತಾರೆ. ಆ ತರಗತಿಯಲ್ಲಿ ತಪ್ಪು ಮಾತಾಡುವವರು ಮಕ್ಕಳು ಮಾತ್ರ ಆಗಿರುವುದಿಲ್ಲ.